ಗಾಜಿನ ಮೇಲಿನ ಬೊಟ್ಟು

ಕಲಬುರಗಿಯ ಸೂಪರ್ ಮಾರ್ಕೆಟ್ ವ್ಯಾಪ್ತಿಯ ಪೊಲೀಸ್ ಠಾಣೆಗೆ 2025ರ ಸೆಪ್ಟೆಂಬರ್ 10, ಬುಧವಾರ ಮಧ್ಯಾಹ್ನ ಮೂರೂವರೆಗೆ ಬಂದ ದೂರು ಅರ್ಧ ಪುಟದ್ದು. ದೂರುದಾರ ಅರುಣಕುಮಾರ, ವಯಸ್ಸು 56, ಜವಳಿ ವ್ಯಾಪಾರಿ, ವಾಸ ಖೂಬಾ ಪ್ಲಾಟ್. ಕಳುವಾದ ವಸ್ತು ಯಾವುದು ಎಂಬಲ್ಲಿ ಅವರು ಮೊದಲು ‘ನಮ್ಮ ತಂದೆ’ ಎಂದು ಬರೆದಿದ್ದರು. ಆಮೇಲೆ ಅದನ್ನು ಹೊಡೆದುಹಾಕಿ ‘ನಮ್ಮ ತಂದೆಯವರ ಫೋಟೋ, ಗಾಜು ಮತ್ತು ಚೌಕಟ್ಟು ಸಹಿತ’ ಎಂದು ತಿದ್ದಿದ್ದರು.

ಇನ್‌ಸ್ಪೆಕ್ಟರ್ ಸುನಂದಾ ತಿದ್ದಿದ ಜಾಗವನ್ನು ನೋಡಿ ತಲೆ ಎತ್ತಿದರು.

“ಗಲ್ಲಾದಾಗಿನ ರೊಕ್ಕ?”

“ಮುಟ್ಟಿಲ್ರಿ.”

“ಸೀರಿ, ಬಟ್ಟಿ?”

“ಒಂದೂ ಹೋಗಿಲ್ಲ. ಅದೊಂದೇ ಹೋಗ್ಯಾದ.”

“ಫೋಟೋದಾಗ ನಿಮ್ಮ ತಂದೆಯವರು ಒಬ್ಬರೇ ಅದಾರೇನು?”

“ಇಲ್ರಿ. ಬಜಾರ ಪೂರಾ ಅದ. ಎದುರಿಗಿ ಮ್ಯಾಲಿನ ಮಾಳಿಗ್ಯಾಗ ಒಂದ ಸ್ಟುಡಿಯೋ ಇತ್ತು. ಅದರ ಕಿಟಕಿಯಿಂದ ಎಂಬತ್ನಾಕರಾಗ ತಗದದ್ದು. ಅಂಗಡಿಗೋಳು, ಟಾಂಗಾ, ಮಂದಿ, ಎಲ್ಲಾ ಅದಾರ. ನಮ್ಮಪ್ಪ ನಮ್ಮ ಅಂಗಡಿ ಬಾಗಿಲದಾಗ ನಿಂತಾರ.”

“ಅವರದು ಬ್ಯಾರೆ ಫೋಟೋ ಇಲ್ಲೇನು?”

“ನಮ್ಮಪ್ಪಗ ಕ್ಯಾಮರಾ ಅಂದ್ರ ಆಗ್ತಿರಲಿಲ್ರಿ. ಆಧಾರ್ ಕಾರ್ಡಿಂದು ಅದ. ಅದು ಲಕ್ವಾ ಹೊಡದ ಮ್ಯಾಲ ತಗದದ್ದು, ಬಾಯಿ ಒಂದ ಕಡಿ ಹೋಗ್ಯಾದ. ಅದಕ್ಕ ಹಾರ ಹಾಕಾಕ ಮನಸ ಬರಂಗಿಲ್ಲ.”

ಅರುಣಕುಮಾರರ ತಂದೆ ಕಲ್ಯಾಣಪ್ಪ ತೀರಿಕೊಂಡು ಮೂರು ವರ್ಷ. ಅಂದಿನಿಂದ ಆ ಫೋಟೋಕ್ಕೆ ನಿತ್ಯ ಹೂವಿನ ಹಾರ, ನಿತ್ಯ ವಿಭೂತಿ. ಬರುವ ಸೋಮವಾರ ಮೂರನೆಯ ವರ್ಷದ ಪುಣ್ಯಸ್ಮರಣೆ. ಮಠದ ಸ್ವಾಮಿಗಳು ಅಂಗಡಿಗೇ ಬರುವವರಿದ್ದರು.

“ಸೋಮವಾರದೊಳಗ ಬೇಕ್ರಿ ಮೇಡಂ,” ಎಂದರು ಅರುಣಕುಮಾರ. “ಅದಿಲ್ಲಂದ್ರ ಅವತ್ತ ನಾ ಯಾರ ಮುಂದ ಕೈ ಮುಗೀಲಿ?”

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಎಫ್‌ಐಆರ್ ದಾಖಲಾಯಿತು.

ಐದು ಗಂಟೆಗೆ ಸ್ಥಳ ಪಂಚನಾಮೆ. ಅಂಗಡಿಯ ಬಾಗಿಲಿಗೆ ಹತ್ತಿರದ ಗೋಡೆಯಲ್ಲಿ, ಆಳೆತ್ತರಕ್ಕಿಂತ ಮೇಲೆ, ಎರಡು ಮೊಳೆ. ಮೊಳೆಗಳ ಕೆಳಗೆ ಮೂರಡಿ ಅಗಲ, ಎರಡಡಿ ಎತ್ತರದ ಹಸಿರು ಚೌಕ. ಸುತ್ತಲಿನ ಗೋಡೆ ಬಿಳಿ. ಕಳೆದ ವರ್ಷ ಸುಣ್ಣಬಣ್ಣ ಮಾಡಿಸಿದಾಗಲೂ ಫೋಟೋ ಇಳಿಸಿರಲಿಲ್ಲ. ಬಣ್ಣದವರು ಅದರ ಸುತ್ತ ಬಳಿದು ಹೋಗಿದ್ದರು. ಕೆಳಗೆ ಒಂದು ಕಟ್ಟಿಗೆಯ ಸ್ಟೂಲು, ಅರುಣಕುಮಾರ ದಿನಾ ಬೆಳಿಗ್ಗೆ ಹತ್ತುವಂಥದ್ದು. ಪಕ್ಕದ ಗೂಡಿನಲ್ಲಿ ವಿಭೂತಿ ಗಟ್ಟಿ, ನೀರಿನ ಬಟ್ಟಲು.

ಕಳುವಿನ ವೇಳೆಗೆ ಅರುಣಕುಮಾರ ಊಟಕ್ಕೆ ಮನೆಗೆ ಹೋಗಿದ್ದರು. ಅಂಗಡಿಯಲ್ಲಿದ್ದವನು ಹಳೆಯ ಕೆಲಸಗಾರ ಗುರುಲಿಂಗ ಒಬ್ಬನೇ.

“ನೀವೆಲ್ಲಿದ್ರಿ?” ಸುನಂದಾ ಕೇಳಿದರು.

“ಅಟ್ಟದ ಮ್ಯಾಲ್ರಿ. ದಸರಾದ ಮಾಲು ತಗಿಯಾಕತ್ತಿದ್ದೆ.”

“ಏನರೆ ಸಪ್ಪಳ ಕೇಳ್ತೇನು?”

“ಸ್ಟೂಲ್ ಎಳದ ಸಪ್ಪಳ ಬಂತ್ರಿ. ಸಣ್ಣ ಸಾಹುಕಾರ್ರು ಅದರ ಮ್ಯಾಲ ಹತ್ಯಾರ ಅಂದ್ಕೊಂಡೆ. ಆಮ್ಯಾಲ ನೆನಪಾತು, ಅವರು ಹತ್ತೋದು ಮುಂಜಾನಿ.”

“ಇಳದು ನೋಡ್ಲಿಲ್ಲ?”

ಗುರುಲಿಂಗ ಸಾಹುಕಾರರ ಕಡೆ ಒಮ್ಮೆ ನೋಡಿದ. “ಇಳದೆ. ಗೋಡಿ ಖಾಲಿ ಇತ್ತು. ನಗಬ್ಯಾಡ್ರಿ ಮೇಡಂ, ದೊಡ್ಡ ಸಾಹುಕಾರ್ರು ಇಳದು ಹೊರಗ ಹೋಗ್ಯಾರ ಅನಸ್ತು. ಬಾಗಲಾ ತನಕ ಹೋಗಿ ಓಣಿ ನೋಡಿ ಬಂದೆ.”

ಯಾರೂ ನಗಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಗುಫ್ರಾನ್ ಆ ಮಾತನ್ನು ಬರೆಯಬೇಕೋ ಬಿಡಬೇಕೋ ಎಂದು ಪೆನ್ನು ಹಿಡಿದು ನಿಂತರು. ಸುನಂದಾ ಬರೆಯಿರಿ ಎಂದು ಸನ್ನೆ ಮಾಡಿದರು.

ಗುರುವಾರ ಬೆಳಿಗ್ಗೆ ಓಣಿಯ ಬಂಗಾರದ ಅಂಗಡಿಯೊಂದರ ಸಿಸಿಟಿವಿ ನೋಡಲಾಯಿತು. ಜವಳಿ ಅಂಗಡಿಯ ಬಾಗಿಲು ಅದರಲ್ಲಿ ಓರೆಯಾಗಿ ಕಾಣುತ್ತದೆ. ಬುಧವಾರ ಎರಡೂ ಹತ್ತಕ್ಕೆ ಒಬ್ಬ ಹೆಂಗಸು ಹೊರಬರುತ್ತಾಳೆ. ತಲೆಯ ಮೇಲೆ ಸೆರಗು, ಮುಖ ಕೆಳಗೆ. ಎರಡೂ ಕೈಯಿಂದ ಚೌಕಟ್ಟನ್ನು ಎದೆಗೆ ಅವುಚಿಕೊಂಡಿದ್ದಾಳೆ. ಚೌಕಟ್ಟಿನ ಮೇಲೆ ಹಾರ ಹಾಗೇ ಇದೆ.

ಸೂಪರ್ ಮಾರ್ಕೆಟಿನಲ್ಲಿ ಆ ಹೊತ್ತಿಗೆ ಭುಜ ತಾಗದೆ ನಡೆಯಲು ಸಾಧ್ಯವಿಲ್ಲ. ಆದರೆ ತೆರೆಯ ಮೇಲೆ ಮಂದಿ ಎರಡು ಬದಿಗೆ ಸರಿಯುತ್ತಿದ್ದರು. ಹಣ್ಣಿನ ಬಂಡಿಯವನು ಬಂಡಿ ಹಿಂದಕ್ಕೆ ಎಳೆದುಕೊಂಡ. ಬೈಕಿನವನೊಬ್ಬ ಎಂಜಿನ್ ಬಂದ್ ಮಾಡಿ ಕಾಲು ಊರಿ ನಿಂತ. ಆಟೋದವನು ಕರೆಯುವ ಮೊದಲೇ ಬಂದು, ಬಲಗೈಯನ್ನು ಎದೆಗೆ ಮುಟ್ಟಿಸಿಕೊಂಡು, ಆಕೆಯನ್ನು ಹತ್ತಿಸಿಕೊಂಡ. ಹಾಡುಹಗಲಿನ ಕಳವಿಗೆ ಇಡೀ ಬಜಾರವೇ ದಾರಿ ಬಿಟ್ಟಿತ್ತು.

“ಹಾರ ಹಾಕಿದ ಫೋಟೋ ಯಾರೂ ನಿಲ್ಲಸಿ ಕೇಳಂಗಿಲ್ರಿ ಮೇಡಂ, ಒಳಗ ಯಾರದಾರ ಅಂತ,” ಎಂದರು ಗುಫ್ರಾನ್. “ನಾನಾದ್ರೂ ದಾರಿ ಬಿಡ್ತಿದ್ದೆ.”

“ಯೂನಿಫಾರ್ಮಿನ್ಯಾಗಿದ್ರ?”

“ಯೂನಿಫಾರ್ಮಿನ್ಯಾಗಿದ್ರ ಟೊಪ್ಪಿಗಿ ತಗದು ಬಿಡ್ತಿದ್ದೆ.”

ದೃಶ್ಯವನ್ನು ಗುರುಲಿಂಗನಿಗೆ ತೋರಿಸಿದರು. ಅವನು ನಡಿಗೆಯಿಂದಲೇ ಗುರುತಿಸಿದ. ಈಕೆ ಈ ತಿಂಗಳಲ್ಲೇ ಎರಡು ಸಲ ಅಂಗಡಿಗೆ ಬಂದು ಸಾಹುಕಾರರೊಂದಿಗೆ ವಾದ ಮಾಡಿ ಹೋಗಿದ್ದಳು. ದೂರಿನಲ್ಲಿ ಅದರ ಸುದ್ದಿ ಇರಲಿಲ್ಲ. ಸುನಂದಾ ಅರುಣಕುಮಾರರನ್ನು ಮತ್ತೆ ಕರೆಸಿದರು.

“ಹೇಳಿಲ್ಲ ಯಾಕ?”

“ಆಕಿ ತಲಿ ಸರಿ ಇಲ್ಲದಾಕಿ ಅಂತ ಬಿಟ್ಟೆ ಮೇಡಂ. ಫೋಟೋದಾಗ ಅವರವ್ವ ಅದಾಳಂತ, ಇನ್ನ ಬದುಕ್ಯಾಳಂತ. ಹಾರ ತಗೀರಿ ಅಂದ್ಲು.”

“ತಗದಿದ್ರ ಏನಾಗ್ತಿತ್ತು?”

“ಬರೇ ಹಾರ ಅಲ್ರಿ. ನಾ ಹಚ್ಚೋ ವಿಭೂತಿ ಬೊಟ್ಟು ಅವರವ್ವನ ಮಾರಿ ಮ್ಯಾಲ ಅದ ಅಂದ್ಲು. ಒಮ್ಮೆ ಒರಸಿ ನೋಡ್ರಿ ಅಂದ್ಲು. ಮೂರ ವರ್ಷ ಆತು, ನನ್ನ ಕೈಲೆ ನಮ್ಮಪ್ಪನ ಹಣಿಗಿ ಹಚ್ಚಾಕತ್ತೀನಿ. ಯಾರೋ ಬಂದು ಅಂದ್ರಂತ ಅಪ್ಪನ ಹಣಿ ಒರಸಲೇನ್ರಿ?”

“ಯಾವೂರಾಕಿ?”

“ಕೇಳಿಲ್ರಿ.”

ಕೇಳಿದ್ದವರು ಎದುರಿಗೇ ಇದ್ದರು. ಜವಳಿ ಅಂಗಡಿಯ ಮುಂದೆ ಗಡಿಯಾರ ರಿಪೇರಿಯ ಡಬ್ಬಿ ಅಂಗಡಿ ಇಟ್ಟುಕೊಂಡಿರುವ ಸಲಾವುದ್ದೀನ್ ಅವರಿಗೆ ಈಗ 63. ಮೇಜಿನ ಗಾಜಿನ ಕೆಳಗೆ ಅದೇ ಫೋಟೋದ ಸಣ್ಣ ಪ್ರತಿ ಇತ್ತು, ಪೋಸ್ಟ್ ಕಾರ್ಡಿನಷ್ಟು. ತೆಗೆದ ಫೋಟೋಗ್ರಾಫರ್ ಆಗಲೇ ಕೊಟ್ಟಿದ್ದಂತೆ. ಸುನಂದಾ ಬಗ್ಗಿ ನೋಡಿದರು. ಕನ್ನಡ, ಉರ್ದು ಬೋರ್ಡುಗಳು, ಬಿಸಿಲು, ಅರ್ಧ ತಿರುಗಿದ ಮುಖಗಳು.

ಸಲಾವುದ್ದೀನ್ ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದನ್ನೇ ತೋರಿಸಿದರು. “ಇವರು ಕಲ್ಯಾಣಪ್ಪ ಸೇಠ್, ಹೋದ್ರು. ಹೋಟೆಲಿನ ಕಾಕಾ, ಹೋದ್ರು. ಈ ಟಾಂಗಾದವ ಹೋದ. ಅವನ ಕುದರಿ ಅವನಕಿಂತ ಮೊದಲ ಹೋತು.”

“ಈ ಸೈಕಲ್ ಮ್ಯಾಲಿನ ಹುಡುಗ?”

“ನಾನೇ ಮೇಡಂ. ಕೂದಲಾ ಹೋಗ್ಯಾವ, ನಾ ಇನ್ನ ಹೋಗಿಲ್ಲ.”

ಸೇಠರು ಬಾಗಿಲಲ್ಲಿ, ಬಿಸಿಲಿಗೆ ಅಡ್ಡ ಕಟ್ಟಿದ ಬಟ್ಟೆಯ ಪಡದಿಯ ನೆರಳಲ್ಲಿ ನಿಂತಿದ್ದರು, ಮುಖ ಕಪ್ಪಗೆ. ಅವರ ಪಕ್ಕದಲ್ಲೇ, ಮೆಟ್ಟಿಲಿನ ಮೇಲೆ, ಬಿಸಿಲಿಗೆ ಮುಖ ಎತ್ತಿ ಕುಳಿತ ಒಬ್ಬ ತರುಣಿ. ಮುಂದೆ ಬಾಳೆಹಣ್ಣಿನ ಬುಟ್ಟಿ.

“ಈಕಿ?”

“ಮಲ್ಕಮ್ಮ. ಕಮಲಾಪುರದಾಕಿ. ಕೆಂಪ ಬಾಳಿಹಣ್ಣ ತರ್ತಿದ್ಲು. ಮುಂಜಾನಿ ಬಸ್ಸಿಗಿ ಬಂದು ಸಂಜಿ ಬಸ್ಸಿಗಿ ಹೋಗಾಕಿ. ಸೇಠರು ಮೆಟ್ಟಲ ಮ್ಯಾಲ ಕೂಡಾಕ ಬಿಟ್ಟಿದ್ರು.”

“ಇದ್ದಾಳೇನು, ಹೋಗ್ಯಾಳೋ?”

ಸಲಾವುದ್ದೀನ್ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಆಕಿನೂ ನನಗ ಅದನ್ನೇ ಕೇಳಿದ್ಲು.”

ಹೋದ ತಿಂಗಳು ಮಲ್ಕಮ್ಮ ಮಗಳ ಜೊತೆ ಸೀರೆ ಕೊಳ್ಳಲು ಬಂದಿದ್ದಳು. ಎಷ್ಟೋ ವರ್ಷದ ಮೇಲೆ ಆ ಅಂಗಡಿ ಹತ್ತಿದ್ದಳು. ಸೀರೆ ಕೊಳ್ಳದೆ ಇಳಿದು ಬಂದು ಇವರ ಡಬ್ಬಿಯ ಮುಂದೆ ಕುಳಿತಳು.

“‘ಭಾಯಿ, ನೀವು ನನಗ ಕಾಣಾಕತ್ತೀರಿ, ನಾ ನಿಮಗ ಕಾಣ್ತೀನೇನು’ ಅಂದ್ಲು. ‘ಕಾಣ್ತಿ ಅಕ್ಕಾ, ಯಾಕ’ ಅಂದೆ. ‘ನನ್ನ ಬುಟ್ಟಿ ಅದ, ನನ್ನ ಸೀರಿ ಅದ, ಮಾರಿ ಇರೋ ಕಡಿ ಬೊಟ್ಟ ಅದ. ಮ್ಯಾಲ ಹಾರ ಹಾಕ್ಯಾರ’ ಅಂದ್ಲು. ನಾ ಮಜಾಕ್ ಮಾಡಿದೆ. ‘ಹಾರ ನನ್ನ ಮ್ಯಾಲೂ ಅದಲ್ಲ ಅಕ್ಕಾ, ಇಬ್ರೂ ಸತ್ತೀವಿ ಅಂದ್ರ ಚಾದ ರೊಕ್ಕ ಯಾರ ಕೊಡೋರು’ ಅಂತ. ಆಕಿ ನಗಲಿಲ್ಲ.”

ಅವರು ಮೇಜಿನ ಗಾಜನ್ನು ಅಂಗೈಯಿಂದ ಒರೆಸಿದರು.

“ಅವತ್ತಿನಿಂದ ನಾನೂ ಆ ದುಕಾನಿನ ಒಳಗ ಕಾಲಿಟ್ಟಿಲ್ಲ ಮೇಡಂ.”

ಶುಕ್ರವಾರ, ಸೆಪ್ಟೆಂಬರ್ 12. ಕಮಲಾಪುರ ಠಾಣೆಗೆ ಮೊದಲೇ ತಿಳಿಸಿ, ಸುನಂದಾ, ಗುಫ್ರಾನ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಸುಷ್ಮಿತಾ ಹುಮನಾಬಾದ ರಸ್ತೆ ಹಿಡಿದರು. ಮಲ್ಕಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಊಟ ಬಿಟ್ಟ ಮುದುಕಿಯ ಮನೆ ಎಂದು ಬಸ್ ನಿಲ್ದಾಣದಲ್ಲೇ ದಾರಿ ತೋರಿಸಿದರು.

ಅಂಗಳದಲ್ಲಿ ನಾಯಿ ಬೊಗಳಿತು. ಬಾಗಿಲು ತೆರೆದವಳು ಮಗಳು ರಾಜೇಶ್ರೀ, ವಯಸ್ಸು 39, ಅಂಗನವಾಡಿ ಶಿಕ್ಷಕಿ. ಸಮವಸ್ತ್ರ ನೋಡಿ ಬೆದರಲಿಲ್ಲ.

“ಬೂಟ್ ಬಿಟ್ಟು ಬರ್ರಿ,” ಎಂದಳು. “ಅವ್ವ ಗಂಜಿ ಕುಡಿಯಾಕತ್ತಾಳ.”

ಒಳಗೆ ಹೊರಸಿನ ಮೇಲೆ ಮಲ್ಕಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಎದುರಿನ ಗೋಡೆಗೆ ಆನಿಸಿ, ನೆಲದ ಮೇಲೆ, ಫೋಟೋ. ಹಾರವಿಲ್ಲ, ಗಾಜಿಲ್ಲ. ಮುದುಕಿ ಒಂದು ಗುಟುಕು ಕುಡಿದು ಫೋಟೋ ನೋಡುತ್ತಿದ್ದಳು, ಮತ್ತೊಂದು ಗುಟುಕು ಕುಡಿಯುತ್ತಿದ್ದಳು.

ರಾಜೇಶ್ರೀಯ ವಿಚಾರಣೆ ಪಡಸಾಲೆಯಲ್ಲಿ ನಡೆಯಿತು.

“ನೀವೇ ತಂದೀರಿ?”

“ನಾನೇ ತಂದೀನಿ.”

“ಜೋಡಿ ಯಾರಿದ್ರು?”

“ಯಾರಿಲ್ಲ.”

“ಕಳವು ಅಂತ ಗೊತ್ತಿತ್ತಲ್ಲ.”

“ಗೊತ್ತಿತ್ರಿ. ಎರಡ ಸಲ ಕೈ ಮುಗದು ಕೇಳೀನಿ. ಹಾರ ಇರಲಿ, ಬೊಟ್ಟ ಒಂದು ಒರಸಿ ಯಾರದಾರ ನೋಡ್ರಿ ಅಂದೆ. ‘ನಿಮ್ಮವ್ವನ ದವಾಖಾನಿಗಿ ತೋರಸು’ ಅಂದ್ರು.”

“ತೋರಿಸಿದ್ರೇನು?”

“ಕಲಬುರಗಿಗೇ ಒಯ್ದಿದ್ದೆ. ಡಾಕ್ಟರ್ ಎಲ್ಲಾ ನಾರ್ಮಲ್ ಅಂದ್ರು. ಅವ್ವ ಅಂದ್ಲು, ಸತ್ತೋರಿಗಿ ಏನ್ ರೋಗ ಇರ್ತಾದ ಅಂತ.”

ಅಂಗಡಿಯಲ್ಲಿ ಫೋಟೋ ನೋಡಿದ ದಿನದಿಂದ ಮಲ್ಕಮ್ಮ ಅನ್ನ ಮುಟ್ಟಿರಲಿಲ್ಲ. ನೀರು, ಬಲವಂತ ಮಾಡಿದರೆ ಎರಡು ಗುಟುಕು ಚಹಾ. ಎರಡು ಸಲ ಸಲಾಯಿನ್ ಹಾಕಿಸಿದ್ದರು. ಹಾರ ಹಾಕಿ ಮೂರು ವರ್ಷವಾಯಿತು ಎಂದು ಅಂಗಡಿಯಲ್ಲಿ ಯಾರೋ ಅಂದಿದ್ದನ್ನು ಆಕೆ ಹಿಡಿದುಕೊಂಡಿದ್ದಳು. ಮೂರು ವರ್ಷದ ಹಿಂದೆಯೇ ತಾನು ತೀರಿಕೊಂಡಿದ್ದೇನೆ, ಮನೆಯವರು ಸಂಕಟಕ್ಕೆ ಹೇಳುತ್ತಿಲ್ಲ ಎಂಬುದು ಆಕೆಯ ಲೆಕ್ಕ. ಅದಕ್ಕೆ ಪುರಾವೆಗಳನ್ನೂ ಕೂಡಿಸಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ ತನ್ನ ಹತ್ತಿರ ಟಿಕೆಟ್ ಕೇಳುವುದಿಲ್ಲ. ಬೀದಿಯಲ್ಲಿ ಮಾತಾಡಿಸಿದರೆ ಎಷ್ಟೋ ಮಂದಿ ಹಾಗೇ ಹೋಗುತ್ತಾರೆ. ನಾಯಿ ತನ್ನನ್ನು ನೋಡಿ ಬೊಗಳುವುದಿಲ್ಲ.

“ಮನಿ ನಾಯಿ ಮನಿಯೋರಿಗಿ ಬೊಗಳ್ತಾದೇನು?” ರಾಜೇಶ್ರೀ ಅಂದಳು. “ಬಸ್ಸಿನ್ಯಾಗ ಹೆಣ್ಮಕ್ಕಳಿಗಿ ಟಿಕೆಟ್ ಫ್ರೀ ಅದ. ಎಲ್ಲಾ ಬಿಡಿಸಿ ಹೇಳೀನಿ. ಹೂಂ ಅಂತಿದ್ಲು. ತಾಟ ಸರಸ್ತಿದ್ಲು.”

“ಗಾಜ ಯಾಕ ತಗದ್ರಿ?”

“ಅವ್ವನ ಕೈಲೇ ಬೊಟ್ಟ ಒರಸಬೇಕು ಅಂತ ತಂದದ್ದು. ಒರಸಿದ್ಲು. ಹೋಗಲಿಲ್ಲ. ಹುಣಸಿಹಣ್ಣ ಹಚ್ಚಿ ತಿಕ್ಕಿದೆ, ಹೋಗಲಿಲ್ಲ. ಗಾಜಿನ್ಯಾಗೇ ಕುಂತುಬಿಟ್ಟದ. ಅವ್ವ ‘ನೋಡ್ದಿ?’ ಅಂದ್ಲು. ಅಷ್ಟೇ ಅಂದ್ಲು. ನಾ ಮೊಳಿ ಕಿತ್ತು ಗಾಜ ತಗದೆ. ಕೆಳಗ ಅವ್ವನ ಮಾರಿ ಇತ್ತು.”

ಅವಳು ಒಳಗಿನ ಹೊರಸಿನ ಕಡೆ ತಿರುಗಿ ನೋಡಿದಳು.

“ಇಪ್ಪತ್ತೈದ ವರ್ಷದಾಕಿ. ಅವ್ವ ಅದನ್ನ ಭಾಳ ಹೊತ್ತ ನೋಡಿದ್ಲು. ಆಮ್ಯಾಲ ಹಸಿವಿ ಆಗ್ಯಾದ ಅಂದ್ಲು.”

ಗಾಜನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಳು. ಹಾರವನ್ನು ಬಾವಿಗೆ ಹಾಕಿದ್ದಾಗಿ ಹೇಳಿದಳು. ಪಂಚರ ಸಮಕ್ಷಮ ಫೋಟೋ ಮತ್ತು ಚೌಕಟ್ಟು ಒಂದನೆಯ ಮುದ್ದೆಮಾಲಾಗಿ, ಗಾಜು ಎರಡನೆಯದಾಗಿ ಜಪ್ತಿಯಾದವು.

ಗುಫ್ರಾನ್ ಫೋಟೋ ಎತ್ತಿಕೊಂಡಾಗ ಮಲ್ಕಮ್ಮ ಬಟ್ಟಲು ಕೆಳಗಿಟ್ಟಳು.

“ಒಯ್ಯತೀರೇನ್ರೀ?”

“ಒಯ್ಯಬೇಕಾಗ್ತದವ್ವ,” ಎಂದರು ಸುನಂದಾ.

“ಮತ್ತ ಹಾರ ಹಾಕ್ತಾರೇನು?”

“ಇನ್ನ ಇದು ಸರ್ಕಾರದ ಕೈಯಾಗ ಇರ್ತಾದ. ಸರ್ಕಾರ ಹಾರ ಹಾಕಂಗಿಲ್ಲ.”

ಮುದುಕಿ ಅದನ್ನು ತೂಗಿ ನೋಡಿದಳು. ಕೈ ಮತ್ತೆ ಬಟ್ಟಲಿಗೆ ಹೋಗಲಿಲ್ಲ. ಸುನಂದಾ ಹೊರಸಿನ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತರು. ಗುಫ್ರಾನ್ ಅವರಿಂದ ರೈಟಿಂಗ್ ಪ್ಯಾಡ್ ತೆಗೆದುಕೊಂಡರು.

“ನಿಮ್ಮ ಹೇಳಿಕಿ ತಗೋಬೇಕು. ಹೆಸರ ಹೇಳ್ರಿ.”

“ನಂದೇನು?”

“ನೀವು ಸಾಕ್ಷಿ ಅದೀರಿ.”

“ನನ್ನ ಹೇಳಿಕಿ ನಡಿತಾದೇನು?”

“ಜೀವಂತ ಇರೋರದಷ್ಟೇ ನಡಿತಾದ. ಅದಕ್ಕೇ ಕೇಳಾಕತ್ತೀನಿ. ಹೆಸರ?”

“ಮಲ್ಕಮ್ಮ.”

“ಗಂಡನ ಹೆಸರ?”

“ಮಾಳಿಂಗರಾಯ. ಅವರು ಹೋಗಿ ಹತ್ತ ವರ್ಷ ಆತು. ಅವರು ಖರೇ ಹೋಗ್ಯಾರ.”

“ವಯಸ್ಸು?”

“ಅರವತ್ತಾರಂತ ಈಕಿ ಅಂತಾಳ.”

ಹೇಳಿಕೆ ಒಂದು ಪುಟವಾಯಿತು. ಸುನಂದಾ ಅದನ್ನು ಪೂರ್ತಿ ಓದಿ ಹೇಳಿದರು. ‘ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದೇನೆ’ ಎಂಬಲ್ಲಿ ಮುದುಕಿ ಅದನ್ನು ಇನ್ನೊಮ್ಮೆ ಓದಿಸಿದಳು. ತನಿಖಾಧಿಕಾರಿ ಪಡೆಯುವ ಇಂಥ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಸುನಂದಾ ಒಂದು ಖಾಲಿ ಹಾಳೆಯನ್ನು ಮುಂದಿಟ್ಟು ಇಂಕ್ ಪ್ಯಾಡ್ ತೆರೆದರು. ಮಲ್ಕಮ್ಮ ಎಡಗೈ ಹೆಬ್ಬೆಟ್ಟು ಒತ್ತಿ, ಮೂಡಿದ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಹಾಳೆ ಆಕೆಯ ಹತ್ತಿರವೇ ಉಳಿಯಿತು.

“ಇವತ್ತ ಮುಂಜಾನಿ ನಾಯಿ ನನಗ ಬೊಗಳ್ತು,” ಎಂದಳು, ಯಾರನ್ನೂ ನೋಡದೆ. ಆಮೇಲೆ ಬಟ್ಟಲು ಎತ್ತಿಕೊಂಡಳು.

ಮಧ್ಯಾಹ್ನ ಒಂದೂವರೆಗೆ ರಾಜೇಶ್ರೀಯನ್ನು ಬಂಧಿಸಲಾಯಿತು. ಬಂಧನದ ತಿಳುವಳಿಕೆ ಪತ್ರಕ್ಕೆ ಪಕ್ಕದ ಮನೆಯ ಸೂಗಮ್ಮ ಸಹಿ ಮಾಡಿದಳು. ತಾನು ಬರುವವರೆಗೆ ಅವ್ವನಿಗೆ ಊಟ ಹಾಕುವ ಜವಾಬ್ದಾರಿಯನ್ನೂ ರಾಜೇಶ್ರೀ ಅವಳಿಗೇ ವಹಿಸಿದಳು. ಜೀಪು ಹತ್ತುವ ಮೊದಲು ಸುಷ್ಮಿತಾ ಅವಳ ಕೈ ಹಿಡಿಯಹೋದಳು. “ಓಡಂಗಿಲ್ಲವ್ವ,” ಎಂದಳು ರಾಜೇಶ್ರೀ. “ಸೋಮವಾರ ಅಂಗನವಾಡಿ ಅದ, ಅದಕ್ಕರೆ ಬಿಡ್ತಾರೇನು ಕೇಳು.”

ಸಂಜೆ ಐದಕ್ಕೆ ಮುದ್ದೆಮಾಲು ಗುರುತಿಸಲು ಅರುಣಕುಮಾರ ಠಾಣೆಗೆ ಬಂದರು. ಫೋಟೋ ಮೇಜಿನ ಮೇಲೆ ಮಲಗಿತ್ತು. ಅವರು ಮೊದಲ ಬಾರಿ ಅದನ್ನು ಸ್ಟೂಲು ಹತ್ತದೆ ಇಷ್ಟು ಹತ್ತಿರದಿಂದ ನೋಡುತ್ತಿದ್ದರು. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು.

“ಇದೇ ಹೌದ್ರಿ.”

“ತಂದೆಯವರನ್ನ ತೋರಸ್ರಿ.”

ಅವರು ಪಡದಿಯ ನೆರಳಿನಲ್ಲಿದ್ದ ಹುಣಸೆಬೀಜದಷ್ಟು ಕಪ್ಪು ಮುಖದ ಮೇಲೆ ಬೆರಳಿಟ್ಟರು. ಸುನಂದಾ ಎರಡನೆಯ ಮುದ್ದೆಮಾಲನ್ನು ಬಿಚ್ಚಿ, ಗಾಜನ್ನು ನಾಲ್ಕು ಮೂಲೆಗೆ ಸರಿಯಾಗಿ ಕೂರಿಸಿದರು. ನೀರು ಮತ್ತು ಬೂದಿ ಮೂರು ವರ್ಷ ಒಂದೇ ಜಾಗದಲ್ಲಿ ಗಾಜನ್ನು ತಿಂದಿದ್ದವು. ಹೆಬ್ಬೆರಳಗಲದ ಬಿಳಿ ಕಲೆ ಬಾಳೆಹಣ್ಣಿನವಳ ಮುಖದ ಮೇಲೆ ಬಂದು ಕೂತಿತು. ಕಲ್ಯಾಣಪ್ಪನವರ ಮುಖ ಅದರಿಂದ ಎರಡು ಬೆರಳು ಆಚೆ ಇತ್ತು, ಒಂದು ಗೆರೆಯೂ ಇಲ್ಲದೆ.

ಅರುಣಕುಮಾರ ಗಾಜನ್ನು ಒಮ್ಮೆ ಎಡಕ್ಕೆ ಸರಿಸಿ ನೋಡಿದರು. ಅದು ಚೌಕಟ್ಟಿನಿಂದ ಹೊರಗೆ ಹೋಯಿತು. ಮತ್ತೆ ಮೊದಲಿನ ಜಾಗಕ್ಕೆ ತಂದರು.

“ಮೊದಲನೇ ಬೊಟ್ಟ ಯಾರ ಹಚ್ಚಿದ್ರು?” ಸುನಂದಾ ಕೇಳಿದರು.

“ಸ್ವಾಮಿಗೋಳು. ಅಪ್ಪನ ಕಾರ್ಯದ ದಿನ. ಬಾಗಲಾದಾಗ ನಿಂತಾರ ನೋಡ್ರಿ ಅಂತ ನಾ ಕೆಳಗ ನಿಂತು ಹೇಳಿದೆ. ಅವರು ಮ್ಯಾಲ ಹತ್ತಿ ಹಚ್ಚಿದ್ರು.”

“ಮರುದಿನ?”

“ಮರುದಿನದಿಂದ ನಾನು. ಬೊಟ್ಟ ಇದ್ದಲ್ಲೇ ಬೊಟ್ಟ ಹಚ್ಚಕೋತ ಬಂದೆ.” ಅವರು ಕನ್ನಡಕ ತೆಗೆದರು. “ಕೆಳಗ ಯಾರದಾರ ಅಂತ ಯಾವತ್ತೂ ನೋಡ್ಲಿಲ್ರಿ. ನೋಡೋದು ಏನಿತ್ತು, ನಮ್ಮಪ್ಪ ಇದ್ರು.”

ಹೊರಗಿನ ಬೆಂಚಿನ ಮೇಲೆ ರಾಜೇಶ್ರೀ ಸುಷ್ಮಿತಾಳ ಪಕ್ಕ ಕುಳಿತಿದ್ದಳು. ಬಾಗಿಲು ತೆರೆದೇ ಇತ್ತು. ಅರುಣಕುಮಾರ ಆ ಕಡೆ ತಿರುಗಲಿಲ್ಲ.

“ಕೇಸ್ ವಾಪಸ್ ತಗೋತೀನ್ರಿ.”

“ಅದು ಈಗ ನನ್ನ ಕೈಯಾಗಿಲ್ಲ. ಕೋರ್ಟಿನ್ಯಾಗ ಹೇಳ್ರಿ.”

“ಆಕಿ ಅವ್ವ ಉಣ್ಣಾಕತ್ತಾಳೇನ್ರಿ?”

“ಉಣ್ಣಾಕತ್ತಾಳ.”

ಅವರು ಗುರುತಿಸುವಿಕೆ ಪಂಚನಾಮೆಗೆ ಸಹಿ ಹಾಕಿದರು. ಫೋಟೋವನ್ನು ನ್ಯಾಯಾಲಯದಿಂದ ತಾತ್ಕಾಲಿಕವಾಗಿ ಬಿಡಿಸಿಕೊಳ್ಳಬಹುದು, ಆದರೆ ಸೋಮವಾರದೊಳಗೆ ಆಗಲಿಕ್ಕಿಲ್ಲ ಎಂದು ಗುಫ್ರಾನ್ ತಿಳಿಸಿದರು.

“ಬ್ಯಾಡ್ರಿ,” ಎಂದರು ಅರುಣಕುಮಾರ. “ಆಧಾರ್ ಕಾರ್ಡಿಂದೇ ದೊಡ್ಡದು ಮಾಡಸ್ತೀನಿ. ಅದರಾಗ ಅವರೊಬ್ಬರೇ ಅದಾರ.”

ಬಾಗಿಲ ಹತ್ತಿರ ನಿಂತು ಮತ್ತೆ ಹೇಳಿದರು: “ಫೋಟೋ ಬಂದಾಗ ಬರಲಿ. ಆ ಗಾಜ ಮಾತ್ರ ನನಗ ಬ್ಯಾಡ.”

ಕೇಸ್ ಡೈರಿಯಲ್ಲಿ ಅಂದಿನ ಕೊನೆಯ ನಮೂದು ಚಿಕ್ಕದು. ಆರೋಪಿಗೆ ಹಿಂದಿನ ಅಪರಾಧವಿಲ್ಲ, ಹಣದ ಉದ್ದೇಶವಿಲ್ಲ, ತಾಯಿ ಬದುಕಿದ್ದಾಳೆ ಎಂದು ತಾಯಿಗೆ ತೋರಿಸಲು ವಸ್ತುವನ್ನು ಒಯ್ದಿದ್ದಾಗಿ ಒಪ್ಪಿಕೊಂಡಿದ್ದಾಳೆ. ಹಾರ, ಬೊಟ್ಟಿನಿಂದ ಬದುಕಿದ್ದವರಿಗೆ ಏನೋ ಆಗುತ್ತದೆ ಎಂಬುದನ್ನು ತಾನು ನಂಬುವುದಿಲ್ಲ ಎಂದೂ ಆರೋಪಿ ಹೇಳಿದ್ದಳು. ಸುನಂದಾ ಅದನ್ನೂ ಸೇರಿಸಿದರು.

ರಾಜೇಶ್ರೀಯನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಿದ ಮೇಲೆ ಅವರು ಮುದ್ದೆಮಾಲಿನ ಕೋಣೆಯ ಬೀಗ ತೆರೆಸಿದರು. ಫೋಟೋವನ್ನು ಒಳಗಿಟ್ಟು, ಚೀಟಿ ಅಂಟಿಸಲು ಗಾಜನ್ನು ಎರಡು ಕೈಯಲ್ಲಿ ಎತ್ತಿ ನಿಲ್ಲಿಸಿಕೊಂಡರು. ಹಿಂದೆ ಕತ್ತಲೆ ಇದ್ದದ್ದರಿಂದ ಗಾಜಿನಲ್ಲಿ ಅವರ ಮುಖ ಕಾಣಿಸಿತು. ಬಿಳಿ ಬೊಟ್ಟು ನೇರವಾಗಿ ಹಣೆಯ ಮೇಲಿತ್ತು.

ಅವರು ತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಆಮೇಲೆ ಗಾಜನ್ನು ಗೋಡೆಗೆ ಮುಖ ಮಾಡಿ ಇಟ್ಟು, ಚೀಟಿಯನ್ನು ಬೆನ್ನಿಗೆ ಅಂಟಿಸಿದರು.